ಕಲಬುರಗಿಯ ಕೊಳಚೆ ಪ್ರದೇಶಗಳ ನಕ್ಷೆ: ಮೊದಲು ನಂಬರ್, ಆಮೇಲೆ ಪ್ರಶ್ನೆ

ಪ್ರಶ್ನಾವಳಿ ಹಿಡಿದು ಸೀದಾ ಮನೆ ಬಾಗಿಲಿಗೆ ಹೋಗುವುದು ಕೊಳಚೆ ಪ್ರದೇಶದ ಪ್ರತಿ ಮನೆಯನ್ನೂ ನಕ್ಷೆಗೆ ತಂದು ಸಮೀಕ್ಷೆ ಮಾಡುವ ಕೆಲಸದಲ್ಲಿ ಆಗುವ ಮೊದಲ ತಪ್ಪು. ಎರಡು ವಾರ ಬಿಟ್ಟು ಕೂಡಿಸಿ ನೋಡಿದರೆ ಕೆಲವು ಮನೆ ಎರಡು ಸಲ ಬಂದಿರುತ್ತವೆ, ಹಿಂದಿನ ಸಾಲಿನ ಹತ್ತು ಮನೆ ಬಂದೇ ಇರುವುದಿಲ್ಲ, ಯಾವುವು ಎಂದು ಹುಡುಕಲು ದಾರಿಯೂ ಇರುವುದಿಲ್ಲ. ಅದಕ್ಕೇ ನಾವು ಮೂರು ಸುತ್ತು ಹಾಕುತ್ತೇವೆ: ಗಡಿ, ನಂಬರ್, ಕೊನೆಗೆ ಪ್ರಶ್ನೆ. ಒಟ್ಟು ದಿನಗಳಲ್ಲಿ ಅರ್ಧ ಮೊದಲೆರಡಕ್ಕೇ ಹೋಗುತ್ತವೆ. ಹೋಗಲಿ.

ಗಡಿಯಲ್ಲೇ ಮೊದಲ ಜಗಳ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಕಲಂ ಪ್ರಕಾರ ಘೋಷಣೆಯಾದ ಜಾಗ ಒಂದು, ಜನ ನಿಜವಾಗಿ ಮನೆ ಕಟ್ಟಿಕೊಂಡಿರುವ ಜಾಗ ಇನ್ನೊಂದು. ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ಬರೆಯಬೇಕು, ಒಂದನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಬಾರದು. ಘೋಷಣೆಯಾಗದ ಓಣಿಯನ್ನೂ ಬಿಡಬಾರದು. 2011ರ ಜನಗಣತಿ ಅಂಥ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಕನಿಷ್ಠ 300 ಜನ ಅಥವಾ 60–70 ಮನೆ ಇರಬೇಕೆಂದಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಗೆ 20 ಮನೆ ಸಾಕು. ರಿಂಗ್ ರೋಡ್ ಬದಿಗೆ ತಾಡಪತ್ರಿ ಕಟ್ಟಿಕೊಂಡು ಕೂತ 25–30 ಮನೆಯ ಗುಂಪುಗಳು ಮೊದಲ ಅಳತೆಯಲ್ಲಿ ಮಾಯವಾಗುತ್ತವೆ. ನಾವು 20 ಇಟ್ಟುಕೊಳ್ಳುತ್ತೇವೆ.

ಸರ್ವೇ ನಂಬರಿಗೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೋಡಿಕೊಳ್ಳಬಹುದು, ಆದರೆ ಅದರ ಗೆರೆ ಕೆಲವು ಮೀಟರ್ ಸರಿದಿರಬಹುದು. ಗಟಾರದ ಆ ದಂಡೆಯೋ ಈ ದಂಡೆಯೋ ಎಂಬುದು ಅದರಲ್ಲಿ ತೀರ್ಮಾನ ಆಗದು. ನಿಜಾಂ ಕಾಲದ ದಾಖಲೆ ಉರ್ದುವಿನಲ್ಲಿ ಇದ್ದರೆ ಓದಬಲ್ಲ ಹಿರಿಯರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಉಪಗ್ರಹದ ಚಿತ್ರದ ಬಗ್ಗೆ ಭ್ರಮೆ ಬೇಡ. ಪುಕ್ಕಟೆ ಸಿಗುವ ಸೆಂಟಿನೆಲ್-2 ಚಿತ್ರದ ಒಂದು ಚುಕ್ಕೆ 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. 10×10 ಅಡಿಯ ಪತ್ರಾಸಿನ (ತಗಡಿನ) ಮನೆ ಅದರೊಳಗೆ ಹತ್ತು ಕೂಡುತ್ತವೆ. ಗೂಗಲ್ ಓಪನ್ ಬಿಲ್ಡಿಂಗ್ಸ್ ಕೊಡುವ ಕಟ್ಟಡದ ಆಕಾರಗಳು ಬಡಾವಣೆಗಳಲ್ಲಿ ಚೆನ್ನಾಗಿವೆ. ಓಣಿಯೊಳಗೆ ಒಂದಕ್ಕೊಂದು ತಾಗಿದ ತಗಡುಗಳೆಲ್ಲ ಸೇರಿ ಒಂದೇ ಚಾವಣಿ ಆಗಿಬಿಡುತ್ತವೆ. ಡ್ರೋನ್ ಹಾರಿಸುವುದಾದರೆ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿ, ಅನುಮತಿ ಬೇಕೋ ಬೇಡವೋ ಎಂಬುದನ್ನು ಅದೇ ಹೇಳುತ್ತದೆ: ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ಪಟ್ಟಿಯಲ್ಲಿ 200 ಅಡಿಯ ಮೇಲೆ ಹೋಗಲು ಅನುಮತಿ ಬೇಕು. ಮುಂಜಾನೆ ಹಾರಿಸಿ, ಮಧ್ಯಾಹ್ನ ತಗಡಿನ ಹೊಳಪಿಗೆ ಚಿತ್ರ ಬೆಳ್ಳಗಾಗುತ್ತದೆ. ಹಿಂದಿನ ದಿನ ಓಣಿಯಲ್ಲಿ ಹೇಳದೆ ಮೇಲೆ ಕಳಿಸಿದರೆ, ಮನೆ ಕೆಡವಲು ಬಂದಿದ್ದಾರೆ ಎಂಬ ಸುದ್ದಿ ಡ್ರೋನ್ ಇಳಿಯುವ ಮೊದಲೇ ಹಬ್ಬಿರುತ್ತದೆ.

ಇನ್ನು ನಂಬರ್. ಇಬ್ಬಿಬ್ಬರ ಜೋಡಿ ಬೇಕು, ಒಬ್ಬರು ಹೆಣ್ಣುಮಗಳು, ಒಬ್ಬರಿಗೆ ದಖನಿ ಉರ್ದು ಬರಬೇಕು. ಲಂಬಾಣಿ ಮಾತಾಡುವ ಕಡೆ ಆ ಓಣಿಯವರನ್ನೇ ಜೊತೆಗೆ ಕರೆದುಕೊಳ್ಳಿ. 30 ಮೀಟರಿನ ಫೈಬರ್ ಟೇಪು, ಲೇಸರ್ ಮೀಟರು, ಎ3 ಹಾಳೆ, ಪೆನ್ಸಿಲ್. ಬಿಸಿಲಲ್ಲಿ ಲೇಸರಿನ ಕೆಂಪು ಚುಕ್ಕೆ ಹತ್ತು ಮೀಟರಾಚೆ ಕಾಣುವುದಿಲ್ಲ, ಎದುರಿಗೆ ಬಿಳಿ ರಟ್ಟು ಹಿಡಿಯಬೇಕು. ಓಣಿಯ ಬಾಯಿಂದ ಶುರು ಮಾಡಿ ಬಲಗೈ ಗೋಡೆಯನ್ನು ಬಿಡದೆ ನಡೆಯುತ್ತ ಒಂದೊಂದೇ ಮನೆಯನ್ನು ಅಳೆದು, ಹಾಳೆಯಲ್ಲಿ ಗೀಚಿ, ನಂಬರ್ ಕೊಡುವುದು, ಸಂದು ಸಿಕ್ಕರೆ ಒಳಗೆ ಹೋಗಿ ಅದನ್ನು ಮುಗಿಸಿಯೇ ಹೊರಬರುವುದು. ಹೀಗೆ ಒಂದು ಜೋಡಿ ದಿನಕ್ಕೆ 60–80 ಕಟ್ಟಡ ಮುಗಿಸುತ್ತದೆ.

ನಂಬರನ್ನು ಕೆಂಪು ಬಣ್ಣದಲ್ಲಿ ಬರೆಯಬೇಡಿ. ಕೆಂಪು ಗುರುತು ಅಂದರೆ ತೆರವು ಎಂದೇ ಜನ ತಿಳಿಯುತ್ತಾರೆ. ನೀಲಿ ಆಯಿಲ್ ಪೇಂಟು, ಎರಡಿಂಚಿನ ಅಂಕಿ ಕೊರೆದ ರಟ್ಟು, ಮನೆಯವರನ್ನು ಕೇಳಿ ಚೌಕಟ್ಟಿನ ಬಲಕ್ಕೆ. ಚಾಕ್ ಒಂದೇ ಮಳೆಗೆ ಹೋಗುತ್ತದೆ. ತಾಡಪತ್ರಿಯ ಮನೆಗೆ ಪ್ಲಾಸ್ಟಿಕ್ ಬಿಲ್ಲೆಯನ್ನು ಗೂಟಕ್ಕೆ ಕಟ್ಟಿ. ಪೋಲಿಯೊ ಹನಿ ಹಾಕುವವರ ಗುರುತು, ಹಳೆಯ ಗಣತಿಯ ಅಂಕಿ ಅದೇ ಗೋಡೆಯಲ್ಲಿ ಇರುತ್ತವೆ, ಆದ್ದರಿಂದ ನಿಮ್ಮ ನಂಬರಿನ ಮುಂದೆ ಓಣಿಯ ಎರಡಕ್ಷರದ ಗುರುತು ಇರಲೇಬೇಕು.

ನಂಬರ್ ಕೊಡುವುದು ಕಟ್ಟಡಕ್ಕೆ, ಎಣಿಸುವುದು ಒಲೆಯನ್ನು. ಬಾಗಿಲು ಒಂದೇ ಇದ್ದು ಒಳಗೆ ಅಣ್ಣತಮ್ಮಂದಿರ ಮೂರು ಒಲೆ ಇದ್ದರೆ 47/1, 47/2, 47/3. ಎರಡು ಬಾಗಿಲಿದ್ದು ಅಡುಗೆ ಒಂದೇ ಆದರೆ ಅದು ಒಂದೇ ಮನೆತನ. ಬಾಡಿಗೆಯವರನ್ನು ಮಾಲೀಕರು ಮುಚ್ಚಿಡುತ್ತಾರೆ. ಹಕ್ಕುಪತ್ರ ಬಂದರೆ ಬಾಡಿಗೆಯವರ ಹೆಸರಿಗೆ ಹೋದೀತು ಎಂಬ ಭಯ ಅವರಿಗೆ, ಸುಳ್ಳು ಭಯವೇನಲ್ಲ. "ಬಾಡಿಗೆ ಅದಾರೇನು?" ಎಂದು ಕೇಳಿದರೆ ಇಲ್ಲ ಎಂದೇ ಉತ್ತರ. "ಯಕ್ಕಾ, ಈ ಮನ್ಯಾಗ ಒಲಿ ಎಷ್ಟ್ ಅದಾವ್ರಿ?" ಎಂದರೆ ಲೆಕ್ಕ ತಾನಾಗಿ ಬರುತ್ತದೆ.

ಬೀಗ ಹಾಕಿದ ಮನೆಗೆ ಪಕ್ಕದ ಮನೆಯನ್ನು ಬದಲಿ ತೆಗೆದುಕೊಳ್ಳುವ ಚಾಳಿ ಮಾದರಿ ಸಮೀಕ್ಷೆಯಿಂದ ಬಂದದ್ದು, ಇಲ್ಲಿ ಅದು ಸಲ್ಲದು. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರ ಬೀಗ ಬೇರೆ, ಬೆಳಿಗ್ಗೆ ಗೌಂಡಿ ಕೆಲಸಕ್ಕೆ ಹೋದವರ ಬೀಗ ಬೇರೆ, ಸಾಮಾನು ತುಂಬಿಟ್ಟ ಕೋಣೆಯದು ಬೇರೆ. ಮೂರಕ್ಕೂ ಬೇರೆ ಗುರುತು ಇರಲಿ. ಮೂರು ಸಲ, ಮೂರು ಬೇರೆ ಹೊತ್ತಿಗೆ ಹೋಗಿ. ಒಂದು ಸಲವಾದರೂ ಸಂಜೆ ಏಳರ ನಂತರ ಹೋಗಲೇಬೇಕು.

ಪ್ರಶ್ನೆಯ ಸುತ್ತು ಬೇಸಿಗೆಯಲ್ಲಿ ಆರೂವರೆಯಿಂದ ಹತ್ತು, ಮತ್ತೆ ಸಂಜೆ. 42 ಡಿಗ್ರಿಯಲ್ಲಿ ಮೊಬೈಲ್ ಕಾದು ಪರದೆ ಮಸುಕಾಗುತ್ತದೆ, ಕೊನೆಗೆ ತಾನೇ ಆರುತ್ತದೆ. ಮೊಬೈಲಿನಲ್ಲಿ ಫಾರಂ ತುಂಬಲು ಕೋಬೊ ಅಥವಾ ಓಡಿಕೆ ಆ್ಯಪ್, ಎರಡೂ ನೆಟ್‌ವರ್ಕ್ ಇಲ್ಲದೆ ನಡೆಯುತ್ತವೆ. ಗೋಡೆಯ ನಂಬರ್ ತುಂಬದೆ ಫಾರಂ ಮುಂದಕ್ಕೆ ಹೋಗದಂತೆ ಕಟ್ಟಬೇಕು. 25 ನಿಮಿಷಕ್ಕಿಂತ ಉದ್ದದ ಫಾರಂ ತುಂಬಿಸಿದರೆ ಕೊನೆಯ ಹತ್ತು ಪ್ರಶ್ನೆಗೆ ಬರುವುದು ಉತ್ತರವಲ್ಲ, ಬೇಸರ. ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಇದೆಯೋ ಇಲ್ಲವೋ ಸಾಕು.

ಎಷ್ಟು ಜನ ಎಂದರೆ ರೇಷನ್ ಕಾರ್ಡಿನಲ್ಲಿರುವ ಸಂಖ್ಯೆ ಹೇಳುತ್ತಾರೆ. ನಿನ್ನೆ ರಾತ್ರಿ ಇಲ್ಲಿ ಉಂಡವರು ಎಷ್ಟು ಎಂದು ಕೇಳಿ. ಒಂದು ಕೋಣೆಗೆ ಮೂರಕ್ಕಿಂತ ಹೆಚ್ಚು ಜನ ಇದ್ದರೆ ಇಕ್ಕಟ್ಟು ಎಂಬುದು ವಿಶ್ವಸಂಸ್ಥೆಯ ಹ್ಯಾಬಿಟಾಟ್ ಸಂಸ್ಥೆಯ ಅಳತೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಮನೆ ಅಂಗಳದಲ್ಲೇ ಮಲಗುತ್ತದೆ, ಹಾಗಾಗಿ ಮಳೆ ಬಂದ ರಾತ್ರಿಯ ಲೆಕ್ಕ ಕೇಳಬೇಕು. ನೀರನ್ನು ಲೀಟರಿನಲ್ಲಿ ಕೇಳಿದರೆ ಬರುವುದು ಊಹೆ. ಎಷ್ಟು ಕೊಡ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿ. ಆ ಓಣಿಯ ಒಂದು ಕೊಡಕ್ಕೆ ಲೀಟರ್ ಬಾಟಲಿಯಿಂದ ತುಂಬಿ ಅಳೆದುಕೊಂಡರೆ ಗುಣಾಕಾರ ಮಾತ್ರ ಉಳಿಯುತ್ತದೆ. ಸಂಡಾಸ ಕಟ್ಟಿಸಿರುವುದು ಬೇರೆ, ಬಳಸುವುದು ಬೇರೆ. ಅದರೊಳಗೆ ಕಟ್ಟಿಗೆ ತುಂಬಿದೆಯೇ ಎಂದು ಕಣ್ಣಾರೆ ನೋಡಿ ಬರೆಯಿರಿ.

ಕಂಪ್ಯೂಟರಿನಲ್ಲಿ ಕೆಟ್ಟುಹೋಗುವ ಸಂಗತಿಗಳು ಬೇರೆ ಬಗೆಯವು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ 3–5 ಮೀಟರ್ ತಪ್ಪುತ್ತದೆ, ತಗಡಿನ ಸಂದಿಯಲ್ಲಿ ಇನ್ನೂ ಹೆಚ್ಚು. ಮನೆಗಳ ಅಗಲವೇ ಮೂರು ಮೀಟರ್, ಅಂದಮೇಲೆ ಚುಕ್ಕೆ ಎದುರುಮನೆಗೆ ಹೋಗಿ ಕೂರುತ್ತದೆ. ಮನೆಯ ಜಾಗ ಕೈನಕ್ಷೆಯಿಂದ ಬರಲಿ, ಜಿಪಿಎಸ್ ಬರೀ ತಾಳೆ ನೋಡಲು. ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಕೈನಕ್ಷೆಯ ಎ3 ಹಾಳೆಯನ್ನು ಕೂರಿಸುವಾಗ ಗುಡಿಯ ಮೂಲೆ, ನೀರಿನ ಟ್ಯಾಂಕು, ಅಂಗನವಾಡಿಯ ಗೋಡೆಯಂಥ ಅಲುಗಾಡದ ಗುರುತು ಕನಿಷ್ಠ ನಾಲ್ಕು ಬೇಕು. ಬಿಂಗ್ ಮತ್ತು ಗೂಗಲ್ ಚಿತ್ರಗಳು ಒಂದಕ್ಕೊಂದು ಕೆಲವು ಮೀಟರ್ ಸರಿದಿರುತ್ತವೆ, ಒಂದನ್ನೇ ಹಿಡಿದು ಕೊನೆಯವರೆಗೆ ಹೋಗಿ. ವಿಸ್ತೀರ್ಣವನ್ನು ಯುಟಿಎಂ (ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ) 43 ಉತ್ತರ ವಲಯದಲ್ಲೇ ಲೆಕ್ಕ ಹಾಕಿ, ಕಲಬುರಗಿ, ಬೀದರ್, ಯಾದಗಿರಿ ಮೂರೂ ಅದರಲ್ಲೇ ಬರುತ್ತವೆ. ನಕ್ಷೆ ಉಳಿಸಿಡುವ ಹಳೆಯ ಕಡತದ ಬಗೆಯಾದ ಶೇಪ್‌ಫೈಲ್ ಬಿಟ್ಟುಬಿಡಿ: ಅದರ ಕಾಲಂ ಹೆಸರಿಗೆ ಹತ್ತು ಬೈಟ್ ಮಾತ್ರ, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್, "ಕುಟುಂಬ" ಎಂಬ ಪದವೇ ಹಿಡಿಸದು. ಅದರ ಬದಲು ಜಿಯೋಪ್ಯಾಕೇಜ್ ಬಳಸಿ. ಕಚೇರಿಯಿಂದ ಬರುವ ಪಟ್ಟಿ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿದ್ದರೆ ಮೊದಲು ಯೂನಿಕೋಡಿಗೆ ತಿರುಗಿಸಿ.

ಕೀನ್ಯಾದ ನೈರೋಬಿಯ ಕಿಬೆರಾ ಕೊಳಚೆ ಪ್ರದೇಶದಲ್ಲಿ 2009ರಲ್ಲಿ ಅಲ್ಲಿಯ ಯುವಕ ಯುವತಿಯರೇ ಜಿಪಿಎಸ್ ಹಿಡಿದು ತಮ್ಮ ಜಾಗವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಿದರು. ಓಣಿ, ನಳ, ಸಂಡಾಸ, ದೀಪದ ಕಂಬ, ಅಂಗನವಾಡಿಯ ಮಟ್ಟಿಗೆ ನಾವೂ ಹಾಗೇ ಮಾಡಬಹುದು. ಯಾವ ಮನೆ ಯಾರದು ಎಂಬ ಪದರ ಮಾತ್ರ ಹೊರಗೆ ಹೋಗಬಾರದು.

ಕೊನೆಗೆ 1:500 ಅಳತೆಯಲ್ಲಿ ಫ್ಲೆಕ್ಸ್ ಅಚ್ಚು ಹಾಕಿಸಿ, ಮನೆಯವರ ಹೆಸರಿಲ್ಲದೆ ನಂಬರ್ ಮಾತ್ರ ಇಟ್ಟು, ಗುಡಿಯ ಅಥವಾ ಮಸೀದಿಯ ಮುಂದೆ ಮೂರು ದಿನ ತೂಗುಹಾಕುತ್ತೇವೆ. ನೂರು ಮೀಟರಿನ ಓಣಿ ಅದರಲ್ಲಿ 20 ಸೆಂ.ಮೀ. ಬರುತ್ತದೆ, ತಮ್ಮ ಮನೆ ಎಲ್ಲಿ ಎಂದು ಮೊದಲು ಹುಡುಕುವವರು ಮಕ್ಕಳು, ಅವರ ಹಿಂದೆ ದೊಡ್ಡವರು. ಸ್ಕೆಚ್ ಪೆನ್ ಕಟ್ಟಿಟ್ಟರೆ ತಿದ್ದುಪಡಿ ಅಲ್ಲೇ ಬೀಳುತ್ತದೆ. ತಿದ್ದಿದ ಪ್ರತಿಯನ್ನು ಎ3 ಅಳತೆಯಲ್ಲಿ ಲ್ಯಾಮಿನೇಷನ್ ಮಾಡಿಸಿ ಅಂಗನವಾಡಿಯಲ್ಲಿ ಇಡಿ. ಫ್ಲೆಕ್ಸ್ ಉಳಿದೀತೆಂದು ನಂಬಿ ಕೂರಬೇಡಿ. ಮೊದಲ ಮಳೆಗೆ ಅದು ಯಾರದೋ ಚಾವಣಿಯ ಮೇಲಿರುತ್ತದೆ.