ಬಂಡೆ ಕಾಯುವ ಮೊದಲು

ಮಾರ್ಚ್ ಲೆಕ್ಕ ಮುಗಿದ ಮೇಲೆ ತುಮಕೂರಿನ ಆಫೀಸಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟು ಕೊರಟಗೆರೆಯ ಅಕ್ಕನ ಮನೆ ಸೇರಿದೆ. ಮುಂಗಾರು ಶುರುವಾಗುವವರೆಗೆ ಬೆಟ್ಟ ಹತ್ತುವುದು, ಬೇರೇನೂ ಇಲ್ಲ. ಆ ಊರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸಿದ್ಧರಬೆಟ್ಟ, ಚನ್ನರಾಯನದುರ್ಗ ಎರಡೂ ಅದೇ ತಾಲ್ಲೂಕು. ಮಧುಗಿರಿ ಪಕ್ಕದ್ದು. ದೇವರಾಯನದುರ್ಗವೂ ದೂರವಿಲ್ಲ.

ರಜೆ ಸಿಗುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮದುವೆಗಳು. ಏಪ್ರಿಲ್, ಮೇ ಅಂದರೆ ನಮ್ಮಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ. ಊರಲ್ಲೇ ಇದ್ದು, ರಜೆಯಲ್ಲೂ ಇದ್ದು, ಛತ್ರಕ್ಕೆ ಬರಲಿಲ್ಲ ಅಂದರೆ ಯಾರಿಗಾದರೂ ಬೇಸರವಾಗುತ್ತದೆ. ಹಾಗಾಗಿ ಹತ್ತಿರದವರಿಗೆಲ್ಲ ಮೊದಲೇ ಫೋನ್ ಮಾಡಿ, ಜೂನ್‌ನಲ್ಲಿ ಮನೆಗೇ ಬಂದು ನೋಡುತ್ತೇನೆ ಅಂತ ಹೇಳಿದೆ. ಇಂಥ ಬೇಸಿಗೆ ಬೇಕು ಅನ್ನುವವರು ಬೂಟು ಕೊಳ್ಳುವ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಬೇಸಿಗೆಯಲ್ಲಿ ಬೆಟ್ಟ ಯಾಕೆ ಅಂತ ಎಲ್ಲರೂ ಕೇಳಿದರು. ಒಣಗಿದ ಬಂಡೆ ಕಾಲನ್ನು ಹಿಡಿಯುತ್ತದೆ, ಅದಕ್ಕೆ. ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಹಬ್ಬಿರುವುದು ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯ, ಒರಟು ಕಾಳಿನ ಕಲ್ಲು. ಒಣಗಿದ್ದಾಗ ಪೂರ್ತಿ ಪಾದ ಊರಿ, ಹಿಮ್ಮಡಿ ಕೆಳಗಿಟ್ಟು ನಡೆದರೆ ಇಳಿಜಾರಿನಲ್ಲೂ ಜಾರುವುದಿಲ್ಲ. ಹೆದರಿ ಬಂಡೆಗೆ ಮೈ ಒತ್ತಿದರೆ ಮಾತ್ರ ಪಾದದ ಮೇಲಿನ ಭಾರ ತಪ್ಪಿ ಜಾರುತ್ತದೆ. ನೀರು ಹರಿದು ಕಪ್ಪಾದ ಪಟ್ಟೆಗಳಿರುತ್ತವಲ್ವಾ, ಅವನ್ನು ಒಣಗಿದ್ದಾಗಲೂ ತುಳಿಯಬೇಡಿ. ಬಂಡೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ತುಳಿದಾಗ ಟೊಳ್ಳು ಸದ್ದು ಬಂದರೆ ಪಕ್ಕಕ್ಕೆ ಸರಿಯಬೇಕು.

ದಿನಚರಿಯನ್ನೆಲ್ಲ ಬಿಸಿಲೇ ತೀರ್ಮಾನ ಮಾಡಿತು. ಹನ್ನೊಂದರ ಹೊತ್ತಿಗೆ ಕಲ್ಲು ಕೈಯಿಡಲಾಗದಷ್ಟು ಕಾಯುತ್ತದೆ. ಹಾಗಂತ ಕತ್ತಲಲ್ಲೇ ಹೊರಡುವ ಹಾಗೂ ಇಲ್ಲ. ಇವೆಲ್ಲ ಕರಡಿ, ಚಿರತೆ ಓಡಾಡುವ ಬೆಟ್ಟಗಳು. ಕರಡಿ ರಾತ್ರಿ ಮೇಯ್ದು ಬೆಳಗಿನ ಜಾವ ಗುಹೆ, ಕಲ್ಲುಸಂದಿಗೆ ಮರಳುತ್ತದೆ. ಚನ್ನರಾಯನದುರ್ಗದ ಬುಡದಲ್ಲಿ ಕುರಿ ಕಾಯುವ ತಾತ ಒಬ್ಬರು ಮೊದಲ ದಿನವೇ ಹೇಳಿದ್ದರು: "ಬೆಳಕರಿದ ಮ್ಯಾಲೆ ಹತ್ತಪ್ಪ, ಹೊತ್ತೇರೋದ್ರೊಳಗೆ ಇಳ್ಕೊಂಬಿಡು." ನಾನು ಪಾಲಿಸಿದ ನಿಯಮ ಇದೊಂದೇ. ಅದಕ್ಕೆ ರಾತ್ರಿ ಎಂಟೂವರೆಗೇ ಮಲಗುತ್ತಿದ್ದೆ. ಹಳೆಯ ಬದುಕು ನಿಜವಾಗಿ ಕೈಬಿಟ್ಟಿದ್ದು ಆ ನಿದ್ದೆಯಿಂದ. ಸಂಜೆಯ ಫೋನು, ಟಿವಿ, ಹರಟೆ ಎಲ್ಲ ತಾವಾಗೇ ನಿಂತವು.

ಹೆಚ್ಚು ಹತ್ತಿದ್ದು ಮಧುಗಿರಿ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ, ಇಡೀ ಬೆಟ್ಟ ಒಂದೇ ಕಲ್ಲು. ಕೆಳಗೆ ಕೋಟೆ ಬಾಗಿಲುಗಳ ನಡುವೆ ಒಳ್ಳೆಯ ಮೆಟ್ಟಿಲುಗಳಿವೆ. ಮೇಲೆ ಹೋದಂತೆ ಮೆಟ್ಟಿಲು ಮುಗಿದು, ಬಂಡೆಯಲ್ಲಿ ಕೊರೆದ ಕಾಲ್ಗುಳಿ ಮತ್ತು ಅಲ್ಲಲ್ಲಿ ಕಬ್ಬಿಣದ ಸರಳು ಅಷ್ಟೇ. ಅರ್ಧಕ್ಕೇ ತಿರುಗಿ ಹೋಗುವವರು ಜಾಸ್ತಿ. ನೆತ್ತಿಯಲ್ಲಿ ಪಾಳು ಗುಡಿಯಿದೆ. ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಹತ್ತುವುದು ನನಗೆ ಹೊಸ ಬೆಟ್ಟ ಹುಡುಕುವುದಕ್ಕಿಂತ ಹೆಚ್ಚು ಕಲಿಸಿತು. ಎಲ್ಲಿ ನೆರಳು ಎಷ್ಟು ಹೊತ್ತಿನವರೆಗೆ ನಿಲ್ಲುತ್ತದೆ, ಯಾವ ಇಳಿಜಾರನ್ನು ಮುಖ ಹೊರಗೆ ಮಾಡಿ ಇಳಿಯಬಹುದು, ಯಾವುದನ್ನು ಬಂಡೆ ಕಡೆ ತಿರುಗಿಯೇ ಇಳಿಯಬೇಕು, ಎಲ್ಲವೂ ಮೈಗೆ ಗೊತ್ತಾಯಿತು. ಬೀಳುವವರು ಸಾಮಾನ್ಯವಾಗಿ ಇಳಿಯುವಾಗಲೇ ಬೀಳುತ್ತಾರೆ. ಅರ್ಧ ಶಕ್ತಿ ಅದಕ್ಕೆ ಉಳಿಸಿಕೊಳ್ಳಿ.

ಬಂಡೆಯ ಸೂರಿನಲ್ಲಿ ಹೆಜ್ಜೇನು ಕಂಡರೆ ಮಾತು ನಿಲ್ಲಿಸಿ ದೂರದಿಂದಲೇ ಹಾದುಹೋಗಬೇಕು. ಸೆಂಟು ಹಾಕಿಕೊಂಡು ಹೋಗಬಾರದು, ಬೀಡಿ ಸಿಗರೇಟು ಹಚ್ಚಲೇಬಾರದು. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೂ ಗುಡ್ಡವೇ ಉರಿಯುತ್ತದೆ.

ಹೊಟ್ಟೆಗೆ ಹೊರಡುವ ಮೊದಲು ರಾಗಿ ಅಂಬಲಿ, ಉಪ್ಪು ಮಜ್ಜಿಗೆ. ಬೆನ್ನಿಗೆ ಮೂರು ಲೀಟರ್ ನೀರು. ಮೇಲಿನ ದೊಣೆಗಳ ನೀರನ್ನು ಬೇಸಿಗೆಯಲ್ಲಿ ನಂಬಬೇಡಿ. ಇಳಿದು ಬಂದ ಮೇಲೆ ಅಕ್ಕ ಮಾಡಿದ ಮುದ್ದೆ, ಬಸ್ಸಾರು.

ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿಯಾಯಿತು. ಬೋಳು ಬಂಡೆಯ ಮೇಲೆ ಸಿಡಿಲಿಗೆ ಮರೆಯೇ ಇಲ್ಲ. ಮೋಡ ಕಟ್ಟುವುದು ಕಂಡರೆ ನೆತ್ತಿ ಹತ್ತಿರವಿದ್ದರೂ ಇಳಿದುಬಿಡುತ್ತಿದ್ದೆ. ಜೂನ್ ಮಳೆಗೆ ಬಂಡೆಯ ಮೇಲೆ ಪಾಚಿ ಹಸಿರಾಯಿತು. ಅಲ್ಲಿಗೆ ಹತ್ತುವುದು ನಿಲ್ಲಿಸಿದೆ. ಸೋಮವಾರ ಆಫೀಸು. ಅದಕ್ಕೂ ಮೊದಲು, ಮಾತು ಕೊಟ್ಟಿದ್ದ ಹಾಗೆ, ಹೊಸ ಮದುಮಕ್ಕಳ ಮನೆಗಳಿಗೆ ಹೋಗಿ ಬಂದೆ.