ಪೊರಕೆ ಹಿಡಿಯುವ ಮೊದಲು

ಮನೆ ಶುಚಿ ಮಾಡುವುದೆಂದರೆ ಮೊದಲು ಕೈಹೋಗುವುದು ಪೊರಕೆಯ ಕಡೆಗೆ. ನನ್ನ ಅನುಭವದಲ್ಲಿ ಗುಡಿಸುವುದು ಎರಡನೆಯ ಕೆಲಸ. ನೆಲದ ಮೇಲೆ, ಮೇಜಿನ ಮೇಲೆ ಹರಡಿಕೊಂಡಿರುವ ಸಾಮಾನುಗಳನ್ನು ಅವುಗಳ ಜಾಗಕ್ಕೆ ಸೇರಿಸದೆ ಗುಡಿಸಿದರೆ ಧೂಳು ಅತ್ತಿಂದಿತ್ತ ಸರಿಯುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಜಾಗವೇ ಗೊತ್ತಿಲ್ಲದ ವಸ್ತು ಸಿಕ್ಕರೆ ಅದಕ್ಕೊಂದು ಜಾಗ ಗೊತ್ತುಮಾಡಬೇಕು, ಇಲ್ಲವೇ ಅದನ್ನು ಮನೆಯಿಂದ ಸಾಗಹಾಕಬೇಕು. ‘ಸದ್ಯಕ್ಕೆ ಇಲ್ಲಿರಲಿ’ ಎಂದು ಇಟ್ಟದ್ದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಭಾರದ ವಸ್ತುಗಳು ಕೆಳಗಿನ ಅರೆಯಲ್ಲಿರಲಿ, ದಿನಬಳಕೆಯವು ಕೈಗೆಟಕುವ ಎತ್ತರದಲ್ಲಿರಲಿ. ಬಾಗಿಲು ಮತ್ತು ಮೆಟ್ಟಿಲುಗಳ ದಾರಿಯಲ್ಲಿ ಮಾತ್ರ ಏನನ್ನೂ ಇಡಬಾರದು. ಕತ್ತಲೆಯಲ್ಲಿ ಎಡವುವುದು ಅಲ್ಲಿಯೇ, ಬೆಂಕಿ ಬಿದ್ದರೆ ಓಡಬೇಕಾದದ್ದೂ ಅದೇ ದಾರಿಯಲ್ಲಿ.

ಶುಚಿಗೊಳಿಸುವ ಕ್ರಮ ಮೇಲಿನಿಂದ ಕೆಳಕ್ಕೆ, ಒಣಗೆಲಸದಿಂದ ಒದ್ದೆಗೆಲಸಕ್ಕೆ ಸಾಗಬೇಕು. ಫ್ಯಾನಿನ ಸ್ವಿಚ್ ಆರಿಸಿ, ರೆಕ್ಕೆಗಳು ಪೂರ್ತಿ ನಿಂತ ಮೇಲೆ, ಹಳೆಯ ದಿಂಬಿನ ಕವರನ್ನು ಒಂದೊಂದೇ ರೆಕ್ಕೆಗೆ ತೊಡಿಸಿ, ಮೇಲಿನಿಂದ ಅದುಮಿ ನಿಧಾನವಾಗಿ ಹೊರಗೆಳೆದರೆ ಧೂಳೆಲ್ಲ ಕವರಿನೊಳಗೇ ಉಳಿಯುತ್ತದೆ, ಹಾಸಿಗೆಯ ಮೇಲೆ ಉದುರುವುದಿಲ್ಲ. ನೆಲವನ್ನು ಒಳಮೂಲೆಯಿಂದ ಬಾಗಿಲಿನ ಕಡೆಗೆ ಹಿಂದೆ ಸರಿಯುತ್ತಾ ಒರೆಸಬೇಕು. ಅಡುಗೆಮನೆಗೂ ಶೌಚಾಲಯಕ್ಕೂ ಒಂದೇ ಬಟ್ಟೆ ಸಲ್ಲದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಶುಚಿಗೊಳಿಸುವ ದ್ರವಗಳ ವಿಷಯದಲ್ಲಿ. ಬ್ಲೀಚ್ ದ್ರಾವಣವನ್ನು ಆಮ್ಲವಿರುವ ಶೌಚಾಲಯ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯ ಇರುವ ದ್ರವದೊಡನೆ ಬೆರೆಸಿದರೆ ಕ್ಲೋರಮೀನ್ ಎಂಬ ವಿಷಾನಿಲಗಳು ಉಂಟಾಗುತ್ತವೆ. ಎರಡು ಸೇರಿದರೆ ಕಲೆ ಬೇಗ ಹೋದೀತೆಂಬ ಆಸೆಯಿಂದ ನಾನೂ ಒಮ್ಮೆ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಈ ತಪ್ಪು ಮಾಡಿ, ಕಣ್ಣುರಿ ತಾಳಲಾರದೆ ಕೆಮ್ಮುತ್ತಾ ಹೊರಗೆ ಓಡಿದ್ದೇನೆ. ಹಾಗಾದಾಗ ಚೆಲ್ಲಿದ್ದನ್ನು ತೊಳೆಯುತ್ತಾ ನಿಲ್ಲದೆ ತಕ್ಷಣ ಹೊರಬಂದು ಗಾಳಿಯಾಡುವ ಜಾಗಕ್ಕೆ ಹೋಗಬೇಕು. ಕೆಮ್ಮು ನಿಲ್ಲದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಬ್ಲೀಚನ್ನು ಬಿಸಿನೀರಿಗಲ್ಲ, ತಣ್ಣೀರಿಗೆ ಬೆರೆಸಬೇಕು. ಬಿಸಿಗೆ ಅದರ ಶಕ್ತಿ ಕುಂದುತ್ತದೆ. ಕೊಳೆಯ ಮೇಲೆಯೇ ಸುರಿದರೂ ಪ್ರಯೋಜನವಿಲ್ಲ. ಮೊದಲು ಸಾಬೂನಿನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಆಮೇಲೆ ದ್ರಾವಣವನ್ನು ಸವರಿ, ಸೀಸೆಯ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಆ ಜಾಗ ಒದ್ದೆಯಾಗಿಯೇ ಇರುವಂತೆ ಬಿಡಬೇಕು. ಸವರಿದ ಕೂಡಲೇ ಒರೆಸಿಬಿಟ್ಟರೆ ಸೂಕ್ಷ್ಮಾಣುಗಳು ಸಾಯುವುದಿಲ್ಲ. ಈ ದ್ರವಗಳನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಡುವ ರೂಢಿ ಬಹಳ ಅಪಾಯಕಾರಿ. ಬಾಯಾರಿದ ಮಗು ಬಾಟಲಿಯನ್ನು ಗುರುತಿಸುತ್ತದೆ, ಒಳಗಿನದನ್ನಲ್ಲ. ಅವು ತಮ್ಮ ಮೂಲ ಸೀಸೆಯಲ್ಲಿಯೇ, ಬೀಗವಿರುವ ಕಪಾಟಿನಲ್ಲಿ ಇರಬೇಕು.

ರಾತ್ರಿ ಮಲಗುವ ಮುನ್ನ ಅಡುಗೆ ಅನಿಲದ ರೆಗ್ಯುಲೇಟರ್ ಮುಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಕೂಡಿಕೊಳ್ಳುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ಕಿಟಕಿ ಬಾಗಿಲು ತೆರೆಯಬೇಕು.

ಕೆಲಸ ಮುಗಿದ ಮೇಲೆ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿಯೇ ಬಿಡದೆ, ತೊಳೆದು ಹಿಂಡಿ ಬಿಸಿಲಿಗೆ ಹರವಬೇಕು. ಮುದ್ದೆಯಾಗಿ ಬಿದ್ದ ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಬೆಳೆದ ಸೂಕ್ಷ್ಮಾಣುಗಳನ್ನು ಮರುದಿನ ನಾವೇ ಮನೆಯ ತುಂಬ ಬಳಿದಂತಾಗುತ್ತದೆ.