ಖಾರ ಬೀಳುವ ಮುಂಚೆ ಕೂಸಿನ ಪಾಲು

ಕೂಸು ಉಣ್ಣೂದೇ ಇಲ್ಲ ಅಂತ ಗೋಳಾಡುವ ಮುಂಚೆ, ಊಟದ ಹಿಂದಿನ ಎರಡು ತಾಸಿನಲ್ಲಿ ಅದರ ಹೊಟ್ಟೆಗೆ ಏನೇನು ಹೋಗಿದೆ ಲೆಕ್ಕ ಹಾಕಿ. ಆರಕ್ಕೆ ಮುತ್ಯಾನ ಚಹಾದಲ್ಲಿ ಅದ್ದಿದ ನಾಲ್ಕು ಬಿಸ್ಕೀಟು, ಏಳಕ್ಕೆ ಒಂದು ಗ್ಲಾಸ್ ಹಾಲು. ಎಂಟಕ್ಕೆ ತಾಟಿನ ಮುಂದೆ ಕೂಡಿಸಿದರೆ ಹಸಿವು ಎಲ್ಲಿಂದ ಬರಬೇಕು? ಊಟಕ್ಕೆ ಎರಡು ತಾಸು ಇರುವಾಗಲೇ ನೀರು ಬಿಟ್ಟು ಬೇರೆಲ್ಲ ಬಂದ್ ಮಾಡಿ. ವರ್ಷ ದಾಟಿದ ಕೂಸಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಸಾಕು. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಬ್ಯಾಳಿ, ಪಲ್ಯ ಒಳಗೆ ಹೋಗುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಚಹಾ ಅಂತೂ ಬೇಡವೇ ಬೇಡ, ಸೊಪ್ಪು ಬ್ಯಾಳಿಯ ಕಬ್ಬಿಣಾಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ. ಮುತ್ಯಾನಿಗೆ ಹೇಳುವುದು ಕಷ್ಟ, ಆದರೂ ಹೇಳಬೇಕು.

ಕೂಸಿಗೆಂದು ಬೇರೆ ಅಡಿಗೆ ಹೂಡಬೇಡಿ. ತೊಗರಿ ಬ್ಯಾಳಿ ಕುದ್ದು ಮೆತ್ತಗಾದ ಮೇಲೆ, ಖಾರ ಹುಳಿ ಬೀಳುವ ಮುಂಚೆ, ಒಂದು ಸೌಟು ತೆಗೆದಿಟ್ಟು ಅರ್ಧ ಚಮಚ ತುಪ್ಪ ಬಿಡಿ. ಪುಂಡಿಪಲ್ಯದ ಹುಳಿಗೆ ಮಕ್ಕಳು ಮುಖ ಕಿವುಚುತ್ತವೆ. ಎಲೆ ಒಂದು ಕುದಿ ಕುದಿಸಿ ನೀರು ಬಸಿದು, ಬ್ಯಾಳಿ ಮತ್ತು ಜೋಳದ ನುಚ್ಚು ಹೆಚ್ಚಾಗಿ ಹಾಕಿದರೆ ಹುಳಿ ತಗ್ಗುತ್ತದೆ. ರೊಟ್ಟಿ ಹಂಚಿನಿಂದ ಇಳಿದ ಬಿಸಿಯದೇ ಬೇಕು. ಆರಿದ ರೊಟ್ಟಿಯ ಅಂಚು ಬಿರುಸಾಗಿ ಒಸಡಿಗೆ ಚುಚ್ಚುತ್ತದೆ, ಒಮ್ಮೆ ಚುಚ್ಚಿತೆಂದರೆ ಕೂಸು ನಾಲ್ಕು ದಿನ ರೊಟ್ಟಿ ಮುಟ್ಟುವುದಿಲ್ಲ. ಅಂಚು ನೀವು ತಿನ್ನಿ. ನಡುವಿನ ಮೆತ್ತನೆಯ ಭಾಗ ಚೂರು ಮಾಡಿ ಬಿಸಿ ಬ್ಯಾಳಿಯಲ್ಲಿ ಐದು ನಿಮಿಷ ನೆನೆಸಿ ಕಿವುಚಿ. ಶೇಂಗಾ ಹಿಂಡಿಯನ್ನು (ಚಟ್ನಿಪುಡಿಯನ್ನು) ಮೆಣಸಿನಪುಡಿ ಬೆರೆಸುವ ಮುಂಚೆ ಎರಡು ಚಮಚ ಎತ್ತಿಟ್ಟು, ನುಣ್ಣಗೆ ಮಾಡಿ, ಮೊಸರಿನಲ್ಲಿ ಕಲಸಿ ಕೊಡಿ. ಒಣ ಪುಡಿ ನೆತ್ತಿಗೇರುತ್ತದೆ. ಇಡೀ ಶೇಂಗಾಕಾಳು ಐದು ವರ್ಷದವರೆಗೆ ಕೈಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕುತ್ತದೆ.

ತಾಟಿಗೆ ಮೊದಲು ಕಾಲು ರೊಟ್ಟಿ, ಎರಡು ಚಮಚ ಪಲ್ಯ, ಅಷ್ಟೇ. ಬೇಕಾದರೆ ಅದೇ ಕೇಳುತ್ತದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ನಿಮ್ಮದು; ಎಷ್ಟು ಉಣ್ಣಬೇಕು ಎಂಬುದು ಅದರ ಹೊಟ್ಟೆಯದು. ಬಾಯಿ ತಿರುಗಿಸಿದ ಮೇಲೂ "ಇನ್ನೊಂದು ತುತ್ತು, ಕಾಗಿ ಬಂತು ನೋಡು" ಅಂತ ತುರುಕಿದರೆ, ಮಾರನೆಯ ದಿನ ತಾಟು ಕಂಡರೇ ಓಡುತ್ತದೆ. ಹೀರೇಕಾಯಿ, ಮೆಂತ್ಯದಂಥ ಹೊಸ ರುಚಿಗೆ ನಾಲಗೆ ಹೊಂದಲು ಹತ್ತು ಹದಿನೈದು ಸಲ ಬೇಕಾಗುತ್ತದೆ. ಎರಡು ಸಲ ಉಗುಳಿತೆಂದು ಕೈಬಿಡದೆ, ಇಷ್ಟದ ಪದಾರ್ಥದ ಪಕ್ಕ ಬೆರಳ ತುದಿಯಷ್ಟು ಇಡುತ್ತ ಹೋಗಿ. ಪಲ್ಯ ತಿಂದರೆ ಚಾಕಲೇಟ್ ಎಂದರೆ ಪಲ್ಯ ಶಿಕ್ಷೆಯಾಯಿತು, ಚಾಕಲೇಟ್ ಹಬ್ಬವಾಯಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಕಡಲೆಸೊಪ್ಪು, ಹಸಿ ಕಾಳು ಕೂಸಿನ ಕೈಯಿಂದಲೇ ಕೀಳಿಸಿ; ಕಾಳು ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿ ಪಲ್ಯ ಮಾಡುವಾಗ ಕಾಳು ಸುಲಿಯಲು ಕೂಡಿಸಿ. ತಾನು ಸುಲಿದದ್ದನ್ನು ಕೂಸು ಹುಡುಕಿ ತಿನ್ನುತ್ತದೆ.

ಎಲ್ಲರೂ ಒಟ್ಟಿಗೆ ಕೂತು, ಮೊಬೈಲು ಬೇರೆ ಕೋಣೆಯಲ್ಲಿಟ್ಟು ಉಣ್ಣಿ. ಅರ್ಧ ತಾಸಾದ ಮೇಲೆ ಸಿಟ್ಟಿಲ್ಲದೆ ತಾಟು ಎತ್ತಿಬಿಡಿ.

ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಊಟ ತಗ್ಗುವುದು ಸಹಜ. ಆಗ ಮಜ್ಜಿಗೆ, ಮೊಸರನ್ನ ಕೊಟ್ಟು, ಗಟ್ಟಿ ಊಟವನ್ನು ಬೆಳಗಿನ ತಂಪಿಗೂ ಹೊತ್ತು ಮುಳುಗಿದ ಮೇಲೂ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ. ತೂಕ ಏರುತ್ತಿದ್ದು ಕೂಸು ಆಡಿಕೊಂಡಿದ್ದರೆ ತುತ್ತು ಎಣಿಸುವುದು ಬಿಡಿ; ಎರಡು ತಿಂಗಳು ನಿಂತಲ್ಲೇ ನಿಂತರೆ ಡಾಕ್ಟರಿಗೆ ತೋರಿಸಿ.